ಹಾಲು ಬಿಡುವ ತನಕ

ನನ್ನ ಬಿಡುಗಡೆ ಪತ್ರದಲ್ಲಿ ನಾಲ್ಕೇ ಮಾತುಗಳಿದ್ದವು. ಗಂಡಹೆಂಡಿರ ಸಂಬಂಧ ಇಂದಿಗೆ ಮುಗಿಯಿತು. ತಾಳಿಯನ್ನು ಗಂಡನ ಕೈಗೆ ಒಪ್ಪಿಸಿದೆ. ಹೆಣ್ಣುಮಗು ಹಾಲು ಬಿಡುವ ತನಕ ತಾಯಿಯ ಹತ್ತಿರ, ಆಮೇಲೆ ತಂದೆಯ ಮನೆಗೆ. ಮಗುವನ್ನು ಒಪ್ಪಿಸಿದ ದಿನ ಗದ್ದೆಯನ್ನು ಹೆಂಡತಿಯ ಅಣ್ಣನಿಗೆ ಬಿಟ್ಟುಕೊಡತಕ್ಕದ್ದು.

ಕೆರಗೋಡಿನ ಕಡೆಯ ನನ್ನ ಗಂಡನ ಹಳ್ಳಿಯಲ್ಲಿ ಪಂಚಾಯಿತಿಯ ಮುಂದೆ ಶ್ಯಾನುಭೋಗರು ಅದನ್ನು ಓದಿ ಹೇಳಿದರು. ಆಗ ನನಗೆ ಅಕ್ಷರ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದೆ. ನನ್ನ ಗಂಡ ಇನ್ನೊಬ್ಬಳನ್ನು ಮನೆಗೆ ತಂದುಕೊಂಡಿದ್ದರು. ಅದನ್ನು ಯಾರೂ ಬರೆಸಲಿಲ್ಲ. ತಾಳಿ ಬಿಚ್ಚುವಾಗ ಹಿರಿಯರೊಬ್ಬರು ಮುಖ ಆ ಕಡೆ ತಿರುಗಿಸಿಕೊಂಡರು. ಅಷ್ಟು ಮರ್ಯಾದೆ ಸಿಕ್ಕಿತು, ಇಲ್ಲ ಅನ್ನಬಾರದು.

ಗದ್ದೆ ನನ್ನಪ್ಪ ಮದುವೆಯಲ್ಲಿ ನನ್ನ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟದ್ದು. ಕೊಟ್ಟದ್ದು ಬಾಯಿಮಾತಲ್ಲಿ. ಮಗಳಿಗೆ ಕೊಡುವುದನ್ನು ಕಾಗದದಲ್ಲಿ ಬರೆಸಿದರೆ ಬೀಗರನ್ನು ನಂಬಲಿಲ್ಲ ಅನ್ನಿಸೀತು ಅಂತ ಅಪ್ಪನಿಗೆ ಸಂಕೋಚ. ಉಳುತ್ತಿದ್ದವರು ನನ್ನ ಗಂಡ. ಅಪ್ಪ ತೀರಿಕೊಂಡ ಮೇಲೆ ಖಾತೆ ಅಣ್ಣನ ಹೆಸರಿಗೆ ಹೋಯಿತು. ನಾಲೆ ನೀರು ಬಂದು ಅಲ್ಲಿ ಕಬ್ಬು ಬೆಳೆಯತೊಡಗಿದ ಮೇಲೆ ಎರಡೂ ಮನೆಯವರಿಗೆ ಅದರ ಮೇಲೇ ಕಣ್ಣು.

ಎದ್ದು ಬರುವಾಗ ಅತ್ತೆ ಕೂಗಿ ಹೇಳಿದರು: "ನಿಮ್ಮಣ್ಣನ ಕೈಲಿ ಗದ್ದೆ ನಮ್ಗೆ ರಿಜಿಸ್ಟ್ರಿ ಮಾಡ್ಸುಬುಡು, ಕೂಸ್ನ ನೀನೇ ಮಡಿಕ್ಕೊ. ಹೆಣ್ಣು ಕೂಸು ಕಟ್ಕೊಂಡು ನಾವೇನ್ ಮಾಡಾನ?"

ಬೆಸಗರಹಳ್ಳಿ ಹತ್ತಿರದ ತವರಿಗೆ ಬಂದವಳೇ ಅಣ್ಣನ ಕಾಲು ಹಿಡಿದೆ.

"ಏಳವ್ವ ಮೇಲಕ್ಕೆ," ಅಂದ. "ಅಪ್ಪ ಬೆವರು ಸುರಿಸಿದ್ದು ಅವ್ರ ಮನೆ ಕಬ್ಬಿಗಾ? ನಾಳೆ ನಿನ್ನ ಇನ್ನೊಂದು ಕಡೆ ಕೂಡಿಕೆ ಮಾಡ್ಬೇಕು. ಸೊಂಟದ ಮೇಲೆ ಕೂಸಿದ್ರೆ ಯಾವನ್ ಕಟ್ಕೊಂಡಾನು?"

ಇದ್ದಿಲಿನಿಂದ ಓಡುತ್ತಿದ್ದ ಯುದ್ಧಕಾಲದ ಬಸ್ಸಿನಲ್ಲಿ ಮಗಳನ್ನು ಎತ್ತಿಕೊಂಡು ಮಂಡ್ಯಕ್ಕೆ ಹೋದೆ. ಒಬ್ಬರು ವಯಸ್ಸಾದ ವಕೀಲರು ಎಲ್ಲಾ ಕೇಳಿಸಿಕೊಂಡರು.

"ಗದ್ದೆ ಕೊಟ್ಟಿದ್ದಕ್ಕೆ ಕಾಗದ ಉಂಟೇನಮ್ಮ?"

"ಇಲ್ಲ ಸ್ವಾಮಿ."

"ಮಗು ತಂದೇದು ಅಂತ ಹೆಬ್ಬೆಟ್ಟು ಒತ್ತಿದ್ದೀಯಲ್ಲ?"

"ಹೌದು ಸ್ವಾಮಿ."

ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ಹಾಲು ಬಿಡಿಸಬೇಡ. ನನಗೆ ತಿಳಿದ ಕಾನೂನು ಅಷ್ಟೇ." ಫೀಸು ಕೇಳಲಿಲ್ಲ. ಅವರ ಮನೆಯಾಕೆ ಮಗುವಿಗೆ ಒಂದು ಲೋಟ ಮಜ್ಜಿಗೆ ಕೊಟ್ಟರು. ಇವತ್ತಿಗೂ ಆ ಮನೆ ತಣ್ಣಗಿರಲಿ ಅಂತ ದೀಪ ಹಚ್ಚುವಾಗ ಅಂದುಕೊಳ್ಳುತ್ತೇನೆ.

ಬಿಡಿಸಲಿಲ್ಲ. ಎರಡು ತುಂಬಿತು, ಮೂರು ತುಂಬಿತು. ಮಗಳು ಮುದ್ದೆ ಉಣ್ಣುತ್ತಿದ್ದಳು, ಕರುವಿನ ಹಿಂದೆ ಓಡುತ್ತಿದ್ದಳು, ಆದರೂ ಬಂದು ಸೆರಗು ಎಳೆಯುತ್ತಿದ್ದಳು. ನೀರು ಸೇದುವಲ್ಲಿ ಹೆಂಗಸರು ನಗುತ್ತಿದ್ದರು: "ಮದ್ವೆ ಮಂಟಪದಲ್ಲೂ ಕುಡುಸ್ತೀಯೇನಮ್ಮಿ?" ನಗಲಿ. ದಿನಕ್ಕೆ ಎರಡು ಸಲ ಕುಡಿದರೆ ಸಾಕಿತ್ತು, ಮಗಳು ನನ್ನವಳಾಗಿರುತ್ತಿದ್ದಳು.

ಒಂದು ಬೇಸಗೆಯಲ್ಲಿ ನನ್ನ ಎದೆ ಬಾತು ಜ್ವರ ಬಂತು. ಅವ್ವ ಮಾರಮ್ಮನ ಗುಡಿಗೆ ಹೋಗಿ ಬೇವಿನ ಸೊಪ್ಪು ತಂದು ನುಣ್ಣಗೆ ಅರೆದಳು. "ಅಮ್ಮನ ಪ್ರಸಾದ ಕಣವ್ವ. ಹಚ್ಕೊ, ಇಳೀತದೆ. ಮೂರು ದಿನ ತೊಳೀಬ್ಯಾಡ, ಅಮ್ಮ ಮುನಿಸ್ಕೊತಾಳೆ."

ಕೈ ಮುಗಿದು ಹಚ್ಚಿಕೊಂಡೆ.

ಮಗಳು ಬಾಯಿಟ್ಟು ಉಗಿದಳು. ಅತ್ತಳು. ಮಾರನೆಯ ದಿನ ಇನ್ನೊಂದು ಸಲ ನೋಡಿ ನನ್ನ ಎದೆಗೇ ಹೊಡೆದಳು. ತೊಳೆದುಬಿಡೋಣ ಅಂತ ಬಚ್ಚಲವರೆಗೂ ಹೋದೆ. ಅಮ್ಮ ಮುನಿದು ಮಗುವಿಗೇ ಏನಾದರೂ ಆದರೆ ಅಂತ ಹೆದರಿ ವಾಪಸು ಬಂದೆ. ಮೂರನೆಯ ದಿನ ಮಗಳು ನನ್ನ ಹತ್ತಿರ ಸುಳಿಯಲಿಲ್ಲ. ಬಾವು ಇಳಿದಿತ್ತು. ಅದೂ ಸುಳ್ಳಲ್ಲ.

ಐದನೆಯ ದಿನ ಅತ್ತೆ ಗಾಡಿಯಲ್ಲಿ ಬಂದರು, ಜೊತೆಗೆ ತಾಳಿ ಬಿಚ್ಚುವಾಗ ಮುಖ ತಿರುಗಿಸಿದ್ದ ಪಂಚಾಯಿತಿಯ ಆ ಹಿರಿಯರು. ಅಣ್ಣನೇ ಹೇಳಿಕಳಿಸಿದ್ದ. ಅತ್ತೆ ಒಳಗೆ ಬಂದು ಗೋಡೆಗೊರಗಿ ಕೂತರು.

"ಹಾಲು ಬುಟ್ಟದಂತೆ?"

"ಇಲ್ಲ ಅತ್ತೆ, ಕುಡೀತಾಳೆ."

"ಹಂಗಾರೆ ನನ್ನೆದ್ರಿಗೆ ಕುಡ್ಸು. ಕುಡುದ್ರೆ ಇದ್ದಂಗೇ ವಾಪಸ್ ಓಯ್ತೀನಿ."

ನಾನು ಹಿತ್ತಲಿಗೆ ಓಡಿ ತೊಳೆದೆ, ಸೀಗೆಪುಡಿ ಹಾಕಿ ಉಜ್ಜಿ ತೊಳೆದೆ. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡೆ. "ಬಾ ನನ್ನವ್ವ, ಒಂದೇ ಒಂದು ಗುಟುಕು," ಅಂದೆ. ಅವಳು ನನ್ನ ಮುಖ ನೋಡಿದಳು, ಬಾಯಿ ಬಿಗಿ ಹಿಡಿದಳು. ನಾನು ಅವಳ ತಲೆಯನ್ನು ಒತ್ತಿ ಹಿಡಿದೆ. ಆ ಒತ್ತಿದ್ದು ನನಗೆ ಇನ್ನೂ ಕೈಯಲ್ಲಿದೆ.

"ಕಹಿ," ಅಂದಳು ಮಗಳು. "ಅವ್ವ ಕಹಿ."

ಅತ್ತೆ ನಕ್ಕರು. "ಕೂಸೇ ತೀರ್ಪು ಕೊಡ್ತಲ್ಲ."

ಅವ್ವ ಒಲೆಯ ಮುಂದಿಂದ ಏಳಲೇ ಇಲ್ಲ. ಅವಳ ಬೆನ್ನು ನೋಡಿದಾಗ, ಬೇವು ಯಾಕೆ ಅರೆದಿದ್ದಳು ಅಂತ ನನಗೆ ತಿಳಿಯಿತು. ಅಣ್ಣ ಹೊರಗೆ ಹಿರಿಯರ ಹತ್ತಿರ, ಗದ್ದೆಯಲ್ಲಿ ನಿಂತ ಕಬ್ಬು ಯಾರು ಕಡಿಯಬೇಕು ಅಂತ ಮಾತಾಡುತ್ತಿದ್ದ.

ಅತ್ತೆ ಮಡಿಲಿಂದ ಬೆಲ್ಲ ತೆಗೆದು ಮಗಳ ಕೈಗಿಟ್ಟರು. ಅದನ್ನು ಚೀಪುತ್ತಾ ಗಾಡಿ ಹತ್ತಿದಳು, ಅಳಲಿಲ್ಲ. ಅತ್ತಿದ್ದರೆ ನಾನು ಬದುಕುತ್ತಿರಲಿಲ್ಲ, ಅಷ್ಟು ದಯೆ ತೋರಿದ ದೇವರಿಗೆ ಕೈ ಮುಗಿದೆ.

ಹಾಲು ಮಾತ್ರ ನಿಲ್ಲಲಿಲ್ಲ. ಕುಪ್ಪಸ ಒದ್ದೆಯಾಗುವುದು, ಒಗೆಯುವುದು, ಒದ್ದೆಯಾಗುವುದು. ಎಂಟನೆಯ ದಿನ ಅವ್ವ ಮದ್ದೂರು ಸಂತೆಯಿಂದ ಮಲ್ಲಿಗೆ ತಂದಳು. "ಎದೆಗೆ ಕಟ್ಕೊಳವ್ವ, ಹಾಲು ಬತ್ತೋಯ್ತದೆ," ಅಂದಳು, ನನ್ನ ಮುಖ ನೋಡದೆ.

ಈ ಸಲ ಕೈ ಮುಗಿಯಲಿಲ್ಲ. ಕಟ್ಟಿಕೊಂಡೆ.