ಅಪ್ಪ ಕೂಡಿಸಿದ ತೂಗುಗಾಡಿ

ನಾನು ಪದವೀಧರೆಯಾಗುವುದು ಆಗದ ಮಾತು ಅಂದವರು ನಮ್ಮ ಕಾಕಾ.

"ಅಣ್ಣಾ, ನೀವು ಜೋಕಾಲಿ ತೂಗವ್ರು. ಹುಡುಗಿ ಕಾಲೇಜ್ ಕಲ್ತು ನಿಮ್ಮಲ್ಲೇ ತಿಕೀಟ ಹರೀತಾಳೇನ್ರಿ?"

"ಹರೀಲಿ ಬಿಡೋ," ಅಂದ ಅಪ್ಪ. "ನೀ ಬಂದ್ರ ಪುಕ್ಕಟ ಕೂಡಸ್ತಾಳ."

ಅಪ್ಪ ನಡೆಸುತ್ತಿದ್ದ ತೂಗುಗಾಡಿ ಜೋಕಾಲಿ ಅಲ್ಲ. ಹಳಿ ತಲೆಯ ಮೇಲೆ. ಡಬ್ಬಿಗಳು ಅದರ ಕೆಳಗೆ ನೇತಾಡುತ್ತ ಓಡುತ್ತಿದ್ದವು. ತಿರುವಿನಲ್ಲಿ ಹೊರಕ್ಕೆ ಬೀಸಿದರೆ ಕುಳಿತವರ ಕಾಲು ಗಾಳಿಯಲ್ಲಿ. ಜನರ ಕೈಯಲ್ಲಿ ದುಡ್ಡು ಆಡತೊಡಗಿದ, ಮನೆಮನೆಗೆ ಕೇಬಲ್ ಟಿವಿ ಬಂದ ವರ್ಷಗಳವು. ಸಾಂಗ್ಲಿಯ ಮಿರಜ್ ರಸ್ತೆಯ ಬದಿ ಆಟದ ಗಾರ್ಡನ್ ತೆರೆದ ಸೇಠರು ಎಲ್ಲಿಂದಲೋ ಆ ಹಳೆಯ ಆಟವನ್ನು ಬಿಡಿಬಿಡಿಯಾಗಿ ತರಿಸಿದ್ದರು. ಕುಪವಾಡದಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಅಪ್ಪ ಅದನ್ನು ಕೂಡಿಸಿ ನಿಲ್ಲಿಸಿದ. ಆಮೇಲೆ ಅದರ ಬ್ರೇಕ್ ಹಿಡಿದು ಅಲ್ಲೇ ಉಳಿದ.

ಮೊದಮೊದಲು ಮೇಲಿನಿಂದ ಚಪ್ಪಲಿಗಳು ಉದುರಿದವು. ಅಪ್ಪ ಎಲ್ಲರಿಗೂ ಚಪ್ಪಲಿ ಕೆಳಗೇ ಬಿಡಲು ಹೇಳಿದ. ಬರಿಗಾಲಲ್ಲಿ ಹತ್ತುವಾಗ ಡಿಗ್ರಜ ಹಳ್ಳಿಯ ಹೆಂಗಸರ ಕೈ ತಾನಾಗಿ ಮೆಟ್ಟಿಲು ಮುಟ್ಟಿ ಕಣ್ಣಿಗೆ ಹೋಗುತ್ತಿತ್ತು.

"ಅಕ್ಕಾರ, ಒಳಗ ದೇವ್ರಿಲ್ಲರಿ," ಅನ್ನುತ್ತಿದ್ದ ಅಪ್ಪ.

"ಇರ್ಲಿ ಬಿಡ್ರಿ, ಇಳದು ಬರೂತನಕ ಯಾರರ ಕಾಯಬೇಕಲ್ಲ," ಅಂದಳು ಒಬ್ಬಾಕೆ.

ಅಂದಿನಿಂದ ಅಪ್ಪನೂ ಚಪ್ಪಲಿ ಬಿಟ್ಟೇ ಬ್ರೇಕ್ ಮುಟ್ಟುತ್ತಿದ್ದ.

ನಾನು ಸಾಂಗ್ಲಿಯ ಕಾಲೇಜಿನಲ್ಲಿ ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಊರು ಗಾರ್ಡನ್‌ವರೆಗೆ ಬೆಳೆದಿತ್ತು. ಆಟಕ್ಕಿಂತ ಜಾಗಕ್ಕೆ ಬೆಲೆ ಬಂತು. ಸೇಠರು ಪ್ಲಾಟ್ ಹಾಕಿದರು, ತೂಗುಗಾಡಿ ಗುಜರಿಗೆ. ಕೂಡಿಸಿದವನು ನೀನು, ಕತ್ತರಿಸುವವನೂ ನೀನೇ ಆಗು ಅಂದರು ಅಪ್ಪನಿಗೆ. ಒಲ್ಲೆ ಅಂದಿದ್ದರೆ ಅಂದೇ ಕೆಲಸ ಹೋಗುತ್ತಿತ್ತು, ಅದರ ಹಿಂದೆ ನನ್ನ ಕಾಲೇಜೂ. ಅಪ್ಪ ಹೂಂ ಅಂದ. ಮನೆಯಲ್ಲಿ ಹೇಳಲಿಲ್ಲ.

ಪರೀಕ್ಷೆ ಬರೆದು ಸಿಟಿ ಬಸ್ಸಿನಲ್ಲಿ ಬರುವಾಗ ಕಿಟಕಿಯಿಂದ ನೋಡಿದೆ. ತೂಗುಗಾಡಿಯ ದೊಡ್ಡ ತಿರುವು ಇರಲಿಲ್ಲ. ಕೆಳಗೆ ಅಪ್ಪ ಗ್ಯಾಸ್ ಕಟರ್ ಹಿಡಿದು ಬಗ್ಗಿದ್ದ, ಬರಿಗಾಲಲ್ಲಿ.

ಸಂಜೆ ಮನೆಗೆ ಬಂದಾಗ ಅವನ ಪಾದದ ತುಂಬ ಕಿಡಿ ಸಿಡಿದ ಬೊಬ್ಬೆ.

"ಪೇಪರ್ ಹೆಂಗ ಹೋತು?"

"ಛಲೋ ಹೋತ್ರಿ ಅಪ್ಪಾ."

ಅವ್ವ ಕೊಬ್ಬರಿ ಎಣ್ಣೆ ಹಚ್ಚಿದಳು. ಗಾಡಿ ಕತ್ತರಿಸಿದ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಪಾಸಾದೆ. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು. ಹಾಗೆ ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಸರ್ಟಿಫಿಕೇಟ್ ತಂದು ಅಪ್ಪನ ಕೈಗೆ ಕೊಟ್ಟೆ. ನಮ್ಮ ಕಡೆ ಮಕ್ಕಳ ಹೆಸರಿನ ನಡುವೆ ಅಪ್ಪನ ಹೆಸರು ಬರೆಯುತ್ತಾರೆ. ಮರಾಠಿ ಅಕ್ಷರ ಒಂದೊಂದೇ ಓದುತ್ತ ಹೋದ ಅವನ ಬೆರಳು ಅಲ್ಲಿ ನಿಂತಿತು.

"ನನ್ನ ಹೆಸರೂ ಹಾಕ್ಯಾರಲ್ಲ," ಅಂದ. "ಪೇಪರ್ ಬರದಾಕಿ ನೀ. ನಾ ಬರೇ ಕತ್ತರಿಸೀನಿ."