ನಾಲ್ಕು ಬಗೆಯ ಕುಬುಸ

ಮಕ್ತಲದ ಹೊಲಿಗೆ ಕೇಂದ್ರದಲ್ಲಿ ನಾನು ಕಲಿಸಲು ಸೇರಿದ ಮೊದಲ ತಿಂಗಳು ನನಗೆ ಬರೀ ಸಿಟ್ಟಿನಲ್ಲೇ ಕಳೆಯಿತು. ಹೆಸರು ಬರೆಸಿದ ಹೆಂಗಸರು ಹದಿನಾಲ್ಕು ಜನ. ಒಂದು ದಿನ ಅವರಲ್ಲಿ ಏಳು ಜನ ಬಂದರೆ ಮರುದಿನ ಉಳಿದ ಏಳು ಜನ ಬರುತ್ತಿದ್ದರು. ಇವತ್ತು ತೋಳು ಕತ್ತರಿಸುವುದನ್ನು ನೋಡಿದವಳು ನಾಳೆ ಅದನ್ನು ಕೂಡಿಸುವಾಗ ಇರುತ್ತಿರಲಿಲ್ಲ. ಹೇಳಿದ್ದನ್ನೇ ಎರಡೆರಡು ಸಲ ಹೇಳಿ ನನ್ನ ಗಂಟಲು ಒಣಗುತ್ತಿತ್ತು. ಒಂದು ದಿನ ತಾಳ್ಮೆಗೆಟ್ಟು ಎಲ್ಲರನ್ನೂ ಗದರಿದೆ.

"ಬರಾಕ ಮನಸಿಲ್ಲಂದ್ರ ಹೇಳಿಬಿಡ್ರಿ. ನಾ ಹೆಸರು ಹೊಡದು ಹಾಕ್ತೀನಿ."

ಮೂಲೆಯಲ್ಲಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಒಬ್ಬಳು ತಲೆ ಎತ್ತಿದಳು. ರಸ್ತೆ ಕೆಲಸದಲ್ಲಿ ಜಲ್ಲಿ ಒಡೆಯುವವಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು.

"ನಿನ್ನೆ ಕುಬುಸ ಒಣಗಿರಲಿಲ್ರೀ ಅಕ್ಕೋರ. ಒಂದ ಐತಿ. ತೊಳದ ದಿನ ಸೀರಿ ಸುತಗೊಂಡು ಮನಿಯಾಗ ಇರ್ತೀವಿ. ಕೆಲಸಕ್ಕಾದ್ರ ಹಂಗ ಹೋಗ್ತೀವಿ. ಇಲ್ಲಿ ಸಾಲಿಗೆ ಹೆಂಗ ಬರೋದು?"

ನಾನು ಹಾಜರಿ ಪುಸ್ತಕ ಮುಚ್ಚಿಟ್ಟೆ. ಹೊಲಿಗೆ ಕಲಿಸುವವಳಿಗೆ ಇದು ತಾನಾಗಿಯೇ ತಿಳಿಯಬೇಕಿತ್ತು.

ನನಗೆ ಹೊಲಿಗೆ ಬಂದದ್ದು ಅಪ್ಪನಿಂದ. ನಾರಾಯಣಪೇಟೆಯಲ್ಲಿ ಅಪ್ಪ ಶೇರ್ವಾನಿ ಹೊಲಿಯುತ್ತಿದ್ದ. ನಿಜಾಮರ ಕಾಲದಲ್ಲಿ ವಕೀಲರು, ಕಂದಾಯದ ಗಿರದಾವರರು, ಕಚೇರಿಯ ಗುಮಾಸ್ತರು ಎಲ್ಲ ಅವನ ಬಳಿಯೇ ಬರುತ್ತಿದ್ದರು. ಭಾರತದ ಸೇನೆ ಬಂದು ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಮೇಲೆ ಕೆಲವು ವಾರ ಅಂಗಡಿಯ ಕದವೇ ತೆರೆಯಲಿಲ್ಲ. ತೆರೆದಾಗ ಹೊಸ ಶೇರ್ವಾನಿ ಕೇಳುವವರು ಒಬ್ಬರೂ ಇರಲಿಲ್ಲ. ನಿಜಾಮರ ಕಡೆಯವರೆನ್ನುತ್ತಾರೆಂದು ಅದನ್ನು ತೊಟ್ಟು ಬೀದಿಗೆ ಬರಲು ಹೆದರುತ್ತಿದ್ದವರು ಹಳೆಯದನ್ನು ತಂದು, ಮೊಣಕಾಲಿನಿಂದ ಮೇಲಕ್ಕೆ ಕತ್ತರಿಸಿ ಕೋಟು ಮಾಡಿಕೊಡು ಎನ್ನುತ್ತಿದ್ದರು. ಬಣ್ಣ ಹೋದ ಬಟ್ಟೆಯಾದರೆ ಅಪ್ಪ ಹೊಲಿಗೆಯೆಲ್ಲ ಬಿಚ್ಚಿ, ಒಳಮಗ್ಗಲನ್ನು ಹೊರಗೆ ಮಾಡಿ ಮತ್ತೆ ಹೊಲಿಯುತ್ತಿದ್ದ. ಬಿಚ್ಚುವ ಕೆಲಸ ನನ್ನದು. ಹನ್ನೆರಡು ವರ್ಷ ಬಿಸಿಲು ಕಂಡ ಬಟ್ಟೆಯ ಒಳಮಗ್ಗಲು ಹೊಸದರಂತೆ ಕಪ್ಪಗೆ ಹೊಳೆಯುವುದನ್ನು ಕಂಡು ನನಗೆ ಪ್ರತಿ ಸಲವೂ ಆಶ್ಚರ್ಯವಾಗುತ್ತಿತ್ತು. ಆಮೇಲೆ ಮಕ್ತಲದಲ್ಲಿ ಹೆಂಗಸರ ಕೇಂದ್ರ ತೆರೆದು, ಹೊಲಿಯಲೂ ಬರೆಯಲೂ ಬರುವ ಹೆಣ್ಣುಮಗಳು ಬೇಕೆಂದಾಗ ನನ್ನನ್ನು ತೆಗೆದುಕೊಂಡರು. ಮಕ್ತಲದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಭಾನುವಾರ ಬಸ್ಸು ಹತ್ತಿ ನಾರಾಯಣಪೇಟೆಗೆ ಹೋಗುತ್ತಿದ್ದೆ.

ಜಲ್ಲಿ ಒಡೆಯುವವಳ ಮಾತು ಕೇಳಿದ ಭಾನುವಾರವೇ ನಾನು ಅಪ್ಪನ ಮುಂದೆ ನನ್ನ ವಿಚಾರ ಇಟ್ಟೆ. ಎರಡು ಪದರದ ಕುಬುಸ. ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ. ಒಂದು ದಿನ ಕೆಂಪು ಹೊರಗೆ, ಮರುದಿನ ತಿರುವಿ ಹಾಕಿಕೊಂಡರೆ ನೀಲಿ. ಒಂದರಲ್ಲೇ ಎರಡು.

"ಶೇರ್ವಾನಿಗೆ ಒಳಗ ಅಸ್ತರ ಇರ್ತೈತಿ ನೋಡವ್ವ. ಅಸ್ತರ ಹೆಂಗಿದ್ರೂ ನಡೀತೈತಿ, ಯಾರು ನೋಡ್ತಾರ? ನೀ ಎರಡೂ ಮಗ್ಗಲಾ ಹೊರಗ ತೋರಸ್ತೀನಿ ಅಂತಿ. ತೋಳು ಕೂಡಸೂಮುಂದ ಗೊತ್ತಾಗ್ತೈತಿ ನಿನಗ," ಎಂದ ಅಪ್ಪ.

ಗೊತ್ತಾಯಿತು. ಹೊಲಿಗೆ ಎಲ್ಲೂ ಕಾಣಬಾರದು ಎಂದರೆ ಎರಡು ಪದರವನ್ನೂ ಒಳಗಿನಿಂದ ಕೂಡಿಸಿ, ಕುತ್ತಿಗೆಯ ಬಳಿ ಬಿಟ್ಟ ಒಂದು ಗೇಣಿನ ಸಂದಿಯಿಂದ ಇಡೀ ಕುಬುಸವನ್ನು ಹೊರಗೆ ಎಳೆಯಬೇಕು. ಎಳೆದಾಗಲೆಲ್ಲ ತೋಳು ಹಗ್ಗದಂತೆ ಹೊಸೆದುಕೊಂಡು ಬರುತ್ತಿತ್ತು. ಬಿಚ್ಚಿದೆ, ಹೊಲಿದೆ, ಮತ್ತೆ ಬಿಚ್ಚಿದೆ. ಎರಡು ಸಲ ಬಲಗೈ ತೋಳು ಎಡಕ್ಕೆ ಹೋಗಿ ಕೂತಿತು. ಒಂದು ಮಧ್ಯಾಹ್ನ ಅದನ್ನು ಗೋಡೆಗೆ ಎಸೆದು ಅತ್ತೆಯ ಕೈಲಿ ಬೈಸಿಕೊಂಡೆ. ತಿಂಗಳು ಕಳೆದ ಮೇಲೆ ಅದು ಕುಬುಸದ ಹಾಗೆ ಕಂಡಿತು. ಯಾವ ಕಡೆಯಿಂದ ನೋಡಿದರೂ ಒಂದು ದಾರವೂ ಹೊರಗೆ ಕಾಣುತ್ತಿರಲಿಲ್ಲ. ಎದೆಯುಬ್ಬಿಸಿ ಕ್ಲಾಸಿಗೆ ತಂದೆ.

ಜಲ್ಲಿ ಒಡೆಯುವವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎರಡು ಬೆರಳ ನಡುವೆ ಹಿಡಿದು ತಿಕ್ಕಿದಳು.

"ಚಂದ ಐತ್ರೀ," ಎಂದಳು. ಆಮೇಲೆ ಕೇಳಿದಳು: "ತೊಳದ್ರ ಎರಡೂ ಮಗ್ಗಲಾ ತೊಯ್ತಾವಲ್ರೀ?"

ನಾನು ಕುಬುಸವನ್ನು ಅವಳ ಕೈಯಿಂದ ತೆಗೆದುಕೊಂಡೆ.

"ದಪ್ಪ ಬ್ಯಾರೆ ಐತಿ," ಎಂದಳು ಪಕ್ಕದವಳು. "ಒಣಗಾಕ ಎರಡು ದಿನ ಬೇಕು. ಹಂಗಾದ್ರ ಮೂರು ದಿನಕ್ಕೊಮ್ಮೆ ಬರ್ತೀವಿ ತಗೋರಿ."

ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ ಅದು, ಈಗ ಅನಿಸುತ್ತದೆ. ಆಗ ಮಾತ್ರ ನನಗೆ ಕಿವಿಯೆಲ್ಲ ಬಿಸಿಯಾಗಿ, ಮಾತು ತಿರುಗಿಸಿ ಗುಂಡಿ ಕಾಜದ ಪಾಠಕ್ಕೆ ಹೋದೆ. ಒಂದು ವಾರ ಅವರ ಮುಖ ನೋಡದೆ ಪಾಠ ಮಾಡಿದೆ.

ಆಮೇಲೆ ಎರಡು ಪದರವನ್ನು ಹೊಲಿಯದೆ ಲಾಡಿಗಳಿಂದ ಕಟ್ಟುವ ಇನ್ನೊಂದನ್ನು ಮಾಡಿದೆ. ಒಂದನ್ನು ತೊಳೆದರೆ ಇನ್ನೊಂದು ಒಣಗಿರುತ್ತದೆ ಎಂದು ವಿವರಿಸಿದೆ. ಅದೇ ಹೆಂಗಸು ಕೇಳಿದಳು: "ಇವು ಎರಡು ಕುಬುಸ ಅಲ್ಲೇನ್ರಿ? ಎರಡು ಇದ್ರ ಲಾಡಿ ಯಾಕ ಕಟ್ಟಬೇಕ್ರಿ?" ಆ ದಿನ ನಾನು ಕೇಂದ್ರ ಬೇಗ ಮುಚ್ಚಿ ಮನೆಗೆ ಹೋದೆ.

ಇದರ ಮಧ್ಯೆ ಮೇಲ್ವಿಚಾರಕಿಯ ಕಾಟ. ತಿಂಗಳಿಗೊಮ್ಮೆ ಹೈದರಾಬಾದಿನಿಂದ ಬರುತ್ತಿದ್ದ ಆಕೆ ಕೆಟ್ಟವಳೇನಲ್ಲ, ಕಲಿತವಳು, ಶಿಸ್ತಿನವಳು. ಆದರೆ ಆಕೆ ಕಳಿಸುತ್ತಿದ್ದ ಬಿಳಿ ಬಟ್ಟೆಯೆಲ್ಲ ದಿಂಬಿನ ಚೀಲಕ್ಕೆ ಮೀಸಲು. ಚೀಲದ ಮೇಲೆ ಎದುರುಬದುರು ಕೂತ ಎರಡು ಗಿಳಿಗಳನ್ನು ಹಸಿರು ದಾರದಲ್ಲಿ ಕಸೂತಿ ಹಾಕಬೇಕು. "ಇವರ ಯಾರ ಮನೆಯಲ್ಲೂ ದಿಂಬಿಲ್ಲ" ಎಂದು ತೆಲುಗಿನಲ್ಲಿ ಹೇಳಿ ನೋಡಿದೆ. ಕಸೂತಿ ಕಲಿಯುವುದಕ್ಕೆ ದಿಂಬು ಬೇಕಿಲ್ಲ ಎಂದಳು ಆಕೆ. ಹಾಜರಿಯಂತೂ ಸುಧಾರಿಸಲೇಬೇಕು, ಇಲ್ಲವಾದರೆ ಕೇಂದ್ರಕ್ಕೆ ಅಪಾಯ ಎಂದೂ ಹೇಳಿ ಹೋದಳು.

ದಾರಿ ತೋರಿಸಿದ್ದು ಜಲ್ಲಿ ಒಡೆಯುವವಳೇ, ಅದೂ ನಾನು ಕುಬುಸದ ಬಗ್ಗೆ ಕೇಳಿದ್ದಕ್ಕಲ್ಲ. ಆಕೆ ಯಾವಾಗಲೂ ಮೂಲೆಯಲ್ಲೇ ಕೂರುತ್ತಿದ್ದಳು, ಸೆರಗನ್ನು ಎದೆಗೆ ಬಿಗಿಯಾಗಿ ಎಳೆದುಕೊಂಡು, ಅರ್ಧಕ್ಕೇ ಎದ್ದು ಹೋಗುತ್ತಿದ್ದಳು. ಒಂದು ದಿನ ಬಾಗಿಲಲ್ಲಿ ತಡೆದು ಯಾಕೆಂದು ಕೇಳಿದೆ.

"ಹಾಲು ಸೋರ್ತೈತ್ರೀ," ಎಂದಳು ದನಿ ತಗ್ಗಿಸಿ. "ಮುಂದ ಎಲ್ಲ ತೊಯ್ದು ಬಿಡ್ತೈತಿ. ಹಿಂದಿಂದು ಹಂಗ ಇರ್ತೈತಿ, ಅದಕ್ಕೇನೂ ಆಗಿರಂಗಿಲ್ಲ. ಮುಂದಿಂದು ಒಂದೀಟು ಮರೆ ಮಾಡಾಕ ಬರ್ತಿದ್ರ ದಿನಾ ಬರ್ತಿದ್ನಿ."

ನಾನು ಇಷ್ಟು ದಿನ ಇಡೀ ಕುಬುಸವನ್ನು ತಿರುಗಿಸಲು ಒದ್ದಾಡುತ್ತಿದ್ದೆ. ಕೊಳೆಯಾಗುತ್ತಿದ್ದದ್ದು ಎರಡು ಅಂಗೈ ಅಗಲದ ಜಾಗ.

ಆ ಭಾನುವಾರ ಅಪ್ಪನ ಹಳೆಯ ಗಂಟಿನಲ್ಲಿ ಒಂದು ಬಾರಾಬಂದಿ ಸಿಕ್ಕಿತು. ಗುಂಡಿಯಿಲ್ಲದೆ, ಎದೆಯ ಮೇಲೆ ಒಂದು ಪಾಲು ಇನ್ನೊಂದನ್ನು ಮುಚ್ಚಿ, ಲಾಡಿಗಳಿಂದ ಕಟ್ಟುವ ಹಿರಿಯರ ಅಂಗಿ. ಹಾಗೆಯೇ ಕುಬುಸದ ಮುಂದಿನ ಎರಡು ಪಾಲನ್ನೂ ಅಗಲವಾಗಿ ಕತ್ತರಿಸಿದೆ. ಬಲಪಾಲು ಮೇಲಿದ್ದು ಒದ್ದೆಯಾದರೆ, ಲಾಡಿ ಬಿಚ್ಚಿ ಅದನ್ನು ಒಳಗೆ ಹಾಕಿ, ಮಧ್ಯೆ ಒಂದು ಒಣ ಚಿಂದಿ ಮಡಚಿಟ್ಟು ಎಡಪಾಲನ್ನು ಮೇಲೆ ತಂದರಾಯಿತು. ಪದರ ಒಂದೇ, ಬೇಗ ಒಣಗುತ್ತದೆ. ಹೊಟ್ಟೆ ಬಂದರೂ ಇಳಿದರೂ ಲಾಡಿ ಸಡಿಲ ಬಿಗಿ ಮಾಡಿದರೆ ಸಾಕು. ಬಟ್ಟೆಗೆ ನಮ್ಮೂರ ಮಗ್ಗದ ಚೌಕುಳಿ ಆರಿಸಿದೆ. ಮಿಲ್ಲಿನ ಹೂವಿನ ಬಟ್ಟೆಗೆ ಹಿಂಬದಿ ಮಂಕಾಗಿರುತ್ತದೆ, ಮಗ್ಗದ ಚೌಕುಳಿಗೆ ಎರಡು ಮುಖವೂ ಒಂದೇ. ತಿರುವಿ ಹಾಕಿಕೊಂಡರೂ ಕಾಣದಂತೆ ಹೊಲಿಗೆಯ ಅಂಚುಗಳನ್ನು ಒಳಗೆ ಮಡಚಿ ಹೊಲಿದೆ. ಬಲ ಮೇಲೆ, ಎಡ ಮೇಲೆ, ಒಳಗು, ಹೊರಗು: ನಾಲ್ಕು ಬಗೆ. ನಾಲ್ಕಕ್ಕೂ ಹೊಂದಬೇಕೆಂದು ಎಂಟು ಲಾಡಿ ಇಟ್ಟೆ.

ಜಲ್ಲಿ ಒಡೆಯುವವಳು ಅದನ್ನು ತೊಟ್ಟು ಬಂದಳು. "ಗಂಡಸರ ಅಂಗಿ ಹಾಕ್ಕೊಂಡಂಗ ಐತಿ," ಎಂದಳು. ಆದರೆ ಮರುದಿನ ಬಂದಳು, ಅದರ ಮರುದಿನವೂ ಬಂದಳು. ಆ ವಾರವೆಲ್ಲ ಬಂದಳು.

ಅಷ್ಟರಲ್ಲಿ ಗದ್ವಾಲದಲ್ಲಿ ಹೆಂಗಸರ ಕೈಕೆಲಸದ ಪ್ರದರ್ಶನವೆಂದು ಮೇಲ್ವಿಚಾರಕಿಯ ಕಾಗದ ಬಂತು. ಗಿಳಿಯ ಚೀಲಗಳನ್ನು ತರಲು ಹೇಳಿದ್ದಳು. ನಾನು ಅವುಗಳ ಜೊತೆ ಒಂದು ಹೊಸ ಕುಬುಸವನ್ನೂ ಗಂಟು ಕಟ್ಟಿ, ಜಲ್ಲಿ ಒಡೆಯುವವಳನ್ನು ಕರೆದುಕೊಂಡು ಹೊರಟೆ. ಕೃಷ್ಣೆಯನ್ನು ಹರಿಗೋಲಿನಲ್ಲಿ ದಾಟಬೇಕಾಗಿತ್ತು. ನಡುಹೊಳೆಯಲ್ಲಿ ಹರಿಗೋಲು ಸುತ್ತುತ್ತಿದ್ದಂತೆ ಕೂಸು ಕುಡಿದ ಹಾಲನ್ನೆಲ್ಲ ತಾಯಿಯ ಎದೆಯ ಮೇಲೆ ಕಕ್ಕಿತು. ಆಕೆ ಕೂಸನ್ನು ನನ್ನ ಕೈಗೆ ಕೊಟ್ಟು, ಅತ್ತ ತಿರುಗಿ, ಸೆರಗಿನ ಮರೆಯಲ್ಲೇ ಏನೋ ಮಾಡಿದಳು. ದಡ ಸೇರಿದಾಗ ಅವಳ ಕುಬುಸ ಬೆಳಗ್ಗೆ ತೊಟ್ಟಷ್ಟೇ ಚೊಕ್ಕವಾಗಿತ್ತು. ಹರಿಗೋಲಿನಲ್ಲಿದ್ದ ಗಂಡಸರಿಗೆ ಏನೂ ತಿಳಿಯಲಿಲ್ಲ. ನನಗೆ ಕೂಗಿ ಹೇಳಬೇಕೆನಿಸಿತು.

ಪ್ರದರ್ಶನದ ಮೇಜಿನ ಮೇಲೆ ನಾನು ಕುಬುಸ ಹರಡಿದ್ದನ್ನು ಕಂಡ ಮೇಲ್ವಿಚಾರಕಿ ಸರಕ್ಕನೆ ಅದನ್ನೆತ್ತಿ ಮಡಚಿ ಗಿಳಿಯ ಚೀಲಗಳ ಕೆಳಗೆ ತುರುಕಿದಳು. ಸಾಹೇಬರು ಬರುವ ಜಾಗದಲ್ಲಿ ಹೆಂಗಸರು ಮೈಗೆ ಹಾಕುವುದನ್ನು ಇಡುತ್ತಾರೆಯೇ ಎಂದಳು. ಇಷ್ಟು ತಿಂಗಳ ಸಿಟ್ಟು ನನ್ನ ನೆತ್ತಿಗೇರಿತು. ಅಧಿಕಾರಿಗಳು ನಮ್ಮ ಮೇಜಿಗೆ ಬಂದಾಗ ನಾನೇ ಅದನ್ನು ಎಳೆದು ತೆಗೆದೆ. ಅವರಲ್ಲಿ ಹಿರಿಯರು ಇದೇನೆಂದು ಉರ್ದುವಿನಲ್ಲಿ ಕೇಳಿದರು. ನನ್ನ ಉರ್ದು ಅರ್ಧಂಬರ್ಧ, ಬಾಯಲ್ಲಿ ಹೇಳಿ ತಿಳಿಸಲಾಗಲಿಲ್ಲ. ಹಿಂದೆ ನಿಂತಿದ್ದವಳ ಕೈ ಹಿಡಿದು ಮುಂದೆ ಎಳೆದೆ.

"ಸೆರಗು ಸರಿಸು. ಹೆಂಗ ಕಟ್ಟತಿ ತೋರಸೋಣು."

"ಬ್ಯಾಡ್ರಿ ಅಕ್ಕೋರ."

"ಏನೂ ಆಗಂಗಿಲ್ಲ, ಒಂದ ನಿಮಿಷ," ಎಂದು ನಾನೇ ಅವಳ ಸೆರಗಿಗೆ ಕೈ ಹಾಕಿದೆ.

ಅವಳು ನನ್ನ ಕೈಯನ್ನು ಹಿಡಿದು ಕೆಳಗಿಟ್ಟಳು. ಅಧಿಕಾರಿಗಳು ಮುಖ ತಿರುಗಿಸಿ ಮುಂದಿನ ಮೇಜಿಗೆ ಹೋದರು. ಅವಳು ಕೂಸನ್ನೆತ್ತಿಕೊಂಡು ಹೊರಗೆ ನಡೆದಳು. ವಾಪಸು ಹೊಳೆ ದಾಟುವಾಗ ನನಗೆ ಬೆನ್ನು ಮಾಡಿ ಕೂತಿದ್ದಳು.

ಗಿಳಿಯ ಚೀಲಗಳಿಗೆ ಬಹುಮಾನ ಬಂತು. ಜಲ್ಲಿ ಒಡೆಯುವವಳು ಮತ್ತೆ ಕೇಂದ್ರಕ್ಕೆ ಬರಲಿಲ್ಲ.

ಹೋಗಿ ಕ್ಷಮೆ ಕೇಳಲು ನನಗೆ ಒಂದೂವರೆ ತಿಂಗಳು ಬೇಕಾಯಿತು. ಅಷ್ಟು ದಿನವೂ ಮೇಲ್ವಿಚಾರಕಿಯನ್ನು ಬೈದೆ, ಅಧಿಕಾರಿಗಳನ್ನು ಬೈದೆ, ನನ್ನ ಉರ್ದುವನ್ನು ಬೈದೆ. ಅವಳನ್ನೂ ಬೈದೆ, ನಾಚಿಕೆ ಪಟ್ಟುಕೊಂಡು ನನ್ನ ಕೆಲಸ ಕೆಡಿಸಿದಳು ಎಂದು. ಕೊನೆಗೆ ಒಂದು ಸಂಜೆ ರಸ್ತೆ ಕೆಲಸದವರ ಗುಡಿಸಲುಗಳಿದ್ದ ಕಡೆ ಹೋದೆ. ಅವಳು ಹೊರಗೆ ಕಲ್ಲಿನ ಮೇಲೆ ಕೂತು ಕೈಹೊಲಿಗೆ ಹಾಕುತ್ತಿದ್ದಳು.

"ನಂದು ತಪ್ಪಾತು," ಎಂದೆ.

"ಹೂಂ," ಎಂದಳು. ಸೂಜಿ ನಿಲ್ಲಲಿಲ್ಲ. "ಹೊಳಿಯಾಗ ಯಾರೂ ನೋಡಲಿಲ್ಲ ಅಂತ ನೀವ ಹಿಗ್ಗಿದ್ರಿ. ಅಲ್ಲಿ ನೀವ ತೋರಸಾಕ ಹೋದ್ರಿ."

ಅವಳ ಕೈಯಲ್ಲಿದ್ದದ್ದನ್ನು ಆಗ ನೋಡಿದೆ. ಹಳೆಯ ಸೀರೆಯಲ್ಲಿ ಕತ್ತರಿಸಿದ, ಅದೇ ಎರಡು ಪಾಲಿನ ಕುಬುಸ. ನಾದಿನಿಗೆ ಎಂದಳು, ಅವಳಿಗೆ ಈಗ ಏಳು ತಿಂಗಳು. ಆದರೆ ಅದರಲ್ಲಿ ನನ್ನ ಎಂಟು ಲಾಡಿಗಳಿರಲಿಲ್ಲ. ಎರಡೇ ಇದ್ದವು, ಉದ್ದನೆಯವು.

"ಬಗಲಾಗಿನ ಗಂಟು ಕೂಸಿನ ಗಲ್ಲಕ್ಕ ಒತ್ತತಿತ್ರೀ. ಅದಕ್ಕ ಎರಡೂ ಲಾಡಿ ಬೆನ್ನಿಗೆ ಒಯ್ದು ಒಂದ ಗಂಟು ಹಾಕಿದ್ನಿ. ಯಾವ ಪಾಲು ಮ್ಯಾಲಿದ್ರೂ ನಡೀತೈತಿ."

"ಜಗ್ಗಿದ್ರ ಬಿಚ್ಚತೈತಿ ಅದು," ಎಂದೆ.

"ಮೂರು ವಾರ ಆತು, ಹಾಕ್ಕೊಂಡ ಜಲ್ಲಿ ಒಡ್ಯಾಕತ್ತೀನಿ. ಬಿಚ್ಚಿಲ್ಲ."

ಅವಳು ಎದ್ದು ತಾನು ತೊಟ್ಟಿದ್ದರ ಬೆನ್ನಿನ ಗಂಟನ್ನು ತೋರಿಸಿದಳು. ನಾನು ಎಳೆದು ನೋಡಿದೆ. ಬಿಚ್ಚಲಿಲ್ಲ. ಸಂತೋಷ ಪಡಬೇಕಾದ ಹೊತ್ತಿನಲ್ಲಿ ನನಗೆ ಹೊಟ್ಟೆಕಿಚ್ಚಾಯಿತು. ಆರು ತಿಂಗಳು ಕತ್ತರಿ ಹಿಡಿದು ಒದ್ದಾಡಿದವಳು ನಾನು, ಕೂಸಿನ ಗಲ್ಲದ ಯೋಚನೆ ಒಂದು ದಿನವೂ ಬಂದಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ರಸ್ತೆ ಕೆಲಸ ರಾಯಚೂರಿನ ಕಡೆ ಸರಿಯಿತು. ಅವಳೂ ಗುಡಿಸಲು ಕಿತ್ತುಕೊಂಡು ಅತ್ತ ಹೋದಳು. ಕೆಲವು ವರ್ಷಗಳ ಮೇಲೆ ಹೈದರಾಬಾದ್ ರಾಜ್ಯ ಒಡೆದು ಹಂಚಿಹೋದಾಗ ಕೇಂದ್ರ ಮುಚ್ಚಿ ಅದರ ಹೊಲಿಗೆ ಯಂತ್ರಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋದರು. ನಾನು ನಾರಾಯಣಪೇಟೆಗೆ ಬಂದು ಅಪ್ಪನ ಪಕ್ಕದಲ್ಲಿ ಕೂತೆ. ಎರಡು ಪಾಲಿನ ಕುಬುಸ ಹೊಲಿಯುತ್ತೇನೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಬಾಣಂತಿಯರಿಗೆಂದು ಕೆಲವರು ಹೊಲಿಸಿಕೊಂಡರು. ಉಳಿದವರು ಮುಂದೆ ಗುಂಡಿಯಿರುವ, ಪಟ್ಟಣದ ನಮೂನೆಯ ಜಂಪರೇ ಬೇಕೆಂದರು. ಅದನ್ನೇ ಹೊಲಿದುಕೊಟ್ಟೆ, ವರ್ಷಗಟ್ಟಲೆ, ಬೇಸರದಿಂದ.