ಕಿವಿಯಲ್ಲಿ ಹೇಳಿದ ನಂಬರು

ಹೋದ ತಿಂಗಳು ಬ್ಯಾಂಕಿನಿಂದ ಹೊಸ ಎಟಿಎಂ ಕಾರ್ಡು ಅಂಚೆಯಲ್ಲಿ ಬಂತು. ಲಕೋಟೆ ಹರಿದರೆ ಅಂಟಿನ ವಾಸನೆ. ಸುರಪುರದ ಬಸ್‌ಸ್ಟ್ಯಾಂಡಿನ ಹತ್ತಿರದ ಮಷಿನ್ನಿನ ಮುಂದೆ ನಿಂತು ಅದಕ್ಕೆ ನಂಬರು ಇಡಲು ಹೋದೆ. ಪರದೆಯ ಮೇಲೆ ನಾಲ್ಕು ಖಾಲಿ ಮನೆಗಳು. ಯೋಚಿಸುವ ಮೊದಲೇ ನನ್ನ ಬೆರಳು ಹಳೆಯ ನಂಬರನ್ನೇ ಒತ್ತತೊಡಗಿತು. ಎರಡು ಅಂಕೆ ಒತ್ತಿ ಕೈ ಹಿಂದೆಗೆದೆ. ಹಿಂದೆ ನಿಂತಿದ್ದವರೊಬ್ಬರು, ‘ನಂಬರ ಮರ್ತೀರೇನ್ರಿ ಯಜಮಾನ್ರ?’ ಎಂದರು. ಮರೆತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಆ ನಂಬರು ಯಾವುದೆಂದು ನಿಮಗೆ ಹೇಳುವುದಿಲ್ಲ. ನಾನು ಮೇಷ್ಟರಾಗಿದ್ದ ಊರಿನ ಹೆಸರನ್ನೂ ಹೇಳುವುದಿಲ್ಲ; ದೇವಾಪುರದಿಂದ ಬಹಳ ದೂರವಿಲ್ಲ ಎಂದಷ್ಟು ತಿಳಿದುಕೊಂಡರೆ ಸಾಕು. ಬೇಸರ ಮಾಡಿಕೊಳ್ಳಬೇಡಿ. ಅಲ್ಲಿ ಎಷ್ಟೋ ಜನರ ಕಾರ್ಡಿಗೆ ಈಗಲೂ ಅದೇ ನಂಬರು ಇದ್ದೀತು.

ನಮ್ಮ ಕಡೆ ಹುಟ್ಟಿದ ದಿನ ಎಂಬುದೊಂದು ತಮಾಷೆ. ಶಾಲೆಯ ದಾಖಲೆ ತೆಗೆದು ನೋಡಿ, ಅರ್ಧ ಊರು ಜೂನ್ ಒಂದರಂದು ಹುಟ್ಟಿರುತ್ತದೆ. ಹಾಗೆ ಹುಟ್ಟಿಸಿದವರು ನಾವು ಮೇಷ್ಟರುಗಳೇ. ಜನ ಮಾತ್ರ ತಮ್ಮ ವಯಸ್ಸನ್ನು ಕಾಲುವೆಯಿಂದ ಎಣಿಸುತ್ತಿದ್ದರು. ಕಾಲುವೆಗೆ ನೀರು ಬಂದ ವರ್ಷ ಒಬ್ಬಳ ಮದುವೆಯಾಗಿತ್ತು, ಇನ್ನೊಬ್ಬಳು ತಾಯಿಯ ಹೊಟ್ಟೆಯಲ್ಲಿದ್ದಳು, ಮತ್ತೊಬ್ಬಳ ಮಾವ ಜೋಳ ಬಿಟ್ಟು ಮೊದಲ ಸಲ ಭತ್ತ ಹಚ್ಚಿದ್ದ. ಇಡೀ ಊರಿಗೆ ತಪ್ಪದೆ ನೆನಪಿದ್ದ ಇಸವಿ ಅದೊಂದೇ.

ಕೂಲಿಯ ದುಡ್ಡು ಬ್ಯಾಂಕಿನ ಖಾತೆಗೆ ಬರುವ ಕಾಲ ಬಂದಾಗ ಹೆಂಗಸರ ಕೈಗೂ ಕಾರ್ಡು ಬಂದವು. ನೆನಪಿನಲ್ಲಿ ಉಳಿಯುವ ನಂಬರು ಬೇಕೆಂದು ಒಬ್ಬೊಬ್ಬರಾಗಿ ಶಾಲೆಯ ಪಡಸಾಲೆಗೆ ಬಂದರು. ಹುಟ್ಟಿದ ಇಸವಿ ಇಡಬಾರದೆಂದು ಬ್ಯಾಂಕಿನ ಗೋಡೆಯ ಮೇಲೆ ಬರೆದದ್ದನ್ನು ನಾನು ಓದಿದ್ದೆ. ಓದಿದವನಲ್ಲವೇ! ‘ಕಾಲುವೆಗೆ ನೀರು ಬಂದ ವರ್ಷ ಇಟ್ಟುಬಿಡು. ಯಾರಿಗೂ ಹೇಳಬೇಡ, ಗಂಡನಿಗೂ ಹೇಳಬೇಡ’ ಎಂದು ಮೊದಲು ಬಂದವಳ ಕಿವಿಯಲ್ಲಿ ಹೇಳಿದೆ. ಎರಡನೆಯವಳಿಗೂ ಅದನ್ನೇ ಹೇಳಿದೆ. ಇಪ್ಪತ್ತನೆಯವಳಿಗೂ ಅದನ್ನೇ. ಇನ್‌ಸ್ಪೆಕ್ಟರು ಬರುವ ದಿನ ಇಡೀ ತರಗತಿಗೆ ಒಂದೇ ಉತ್ತರ ಬಾಯಿಪಾಠ ಮಾಡಿಸುವ ಮೇಷ್ಟರ ಬುದ್ಧಿ ಎಲ್ಲಿಗೆ ಹೋಗುತ್ತದೆ? ನನ್ನ ಕಾರ್ಡಿಗೂ ಅದೇ ಇಟ್ಟುಕೊಂಡೆ. ಅವರು ನನ್ನ ಮಾತನ್ನು ಎಷ್ಟು ನಂಬಿದ್ದರೆಂದರೆ, ಒಬ್ಬಳೂ ಇನ್ನೊಬ್ಬಳ ಮುಂದೆ ಬಾಯಿ ಬಿಡಲಿಲ್ಲ. ಪ್ರತಿಯೊಬ್ಬಳಿಗೂ ಅದು ತನ್ನೊಬ್ಬಳದೇ ಗುಟ್ಟು.

ಆ ಇಪ್ಪತ್ತು ಜನರಲ್ಲಿ ನಾಗಮ್ಮ ಮತ್ತು ಭೀಮಬಾಯಿ ಇದ್ದರು. ಶಾಲೆಯ ಹಿಂದಿನ ಓಣಿಯಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಭತ್ತದ ನಾಟಿಗೆ ಹೋದರೆ ಒಂದೇ ಗುಂಪು, ಗದ್ದೆಯಲ್ಲಿ ಬಗ್ಗಿದರೆ ಅಕ್ಕಪಕ್ಕದ ಸಾಲು. ಒಬ್ಬಳ ಮನೆಯ ಸಾರು ಇನ್ನೊಬ್ಬಳ ಮನೆಯಲ್ಲಿ ಕುದಿಯುತ್ತಿತ್ತು ಎಂದು ಓಣಿಯವರು ನಗುತ್ತಿದ್ದರು. ನನಗೂ ಆ ಸಾರಿನ ರುಚಿ ಗೊತ್ತು. ಖಾರ ಹೆಚ್ಚು, ಕೊಡುವ ಕೈಯೂ ದೊಡ್ಡದು.

ಒಂದು ಸಂತೆಯ ದಿನ ಇಬ್ಬರೂ ಟಂಟಂ ಹತ್ತಿ ಕಕ್ಕೇರಾಕ್ಕೆ ಹೋದರು. ನಾಗಮ್ಮ ಬಳೆ ಇಡಿಸಿಕೊಳ್ಳುವಾಗ ಅವಳ ಸಂಚಿ ಭೀಮಬಾಯಿಯ ಮಡಿಲಲ್ಲಿತ್ತು. ಎಂಟು ದಿನಗಳ ಮೇಲೆ ನೋಡಿದರೆ ಸಂಚಿಯಲ್ಲಿ ಕಾರ್ಡಿಲ್ಲ, ಖಾತೆಯಲ್ಲಿ ಕೂಲಿಯ ದುಡ್ಡಿಲ್ಲ. ನಂಬರು ಗೊತ್ತಿದ್ದವರೇ ತೆಗೆದಿದ್ದಾರೆ ಎಂದು ಬ್ಯಾಂಕಿನವರು ಹೇಳಿದರು. ಹಿಂದೆ ದುಡ್ಡು ತೆಗೆಯುವಾಗ ನಾಗಮ್ಮನ ಪಕ್ಕದಲ್ಲಿ ನಿಂತಿದ್ದವಳು ಭೀಮಬಾಯಿ ಒಬ್ಬಳೇ. ಕ್ಯಾಮೆರಾ ಇರಲಿಲ್ಲವೇ ಎಂದು ನೀವು ಕೇಳಬಹುದು. ಅದನ್ನು ಬ್ಯಾಂಕಿಗೆ ಹೋಗಿ ಕೇಳಬೇಕಾದ ಓದಿದವನು ನಾನು. ನಾನು ಹೋಗಲಿಲ್ಲ.

ಆ ದಿನ ಜಗಳ ನನ್ನ ತರಗತಿಯ ಕಿಟಕಿಗೆ ಕೇಳುವಷ್ಟು ಏರಿತು. ನಾಗಮ್ಮನ ದನಿ ಅಳುವಿನಲ್ಲಿ ಒಡೆದಿತ್ತು. ‘ಕಾಲುವಿ ಬಂದ ವರ್ಷ ಇಟ್ಟೀನಿ ಅಂತ ನಿನ್ನ ಬಿಟ್ಟು ಯಾರಿಗಿ ಗೊತ್ತದ ಭೀಮವ್ವಾ?’

ಭೀಮಬಾಯಿ ಏನೂ ಅನ್ನಲಿಲ್ಲ. ಓಣಿಯೂ ಏನೂ ಅನ್ನಲಿಲ್ಲ. ನಾನು ಸೀಮೆಸುಣ್ಣ ಹಿಡಿದು ಹಲಗೆಯ ಕಡೆಗೆ ತಿರುಗಿದೆ. ಕಾರ್ಡು ಎಲ್ಲಿಯೋ ಬಿದ್ದಿರಬಹುದು, ಟಂಟಂನಲ್ಲಿ ಸಿಕ್ಕಿರಬಹುದು, ಆ ಇಪ್ಪತ್ತು ಜನರಲ್ಲಿ ಯಾರಿಗೆ ಸಿಕ್ಕಿದ್ದರೂ ತಮ್ಮ ನಂಬರನ್ನೇ ಒತ್ತಿ ನೋಡಿದರೆ ದುಡ್ಡು ಬರುತ್ತಿತ್ತು. ಇದು ನನಗೆ ಗೊತ್ತಿತ್ತು. ನನಗೊಬ್ಬನಿಗೇ ಗೊತ್ತಿದೆ ಎಂದುಕೊಂಡಿದ್ದೆ. ಹೇಳಿದರೆ ಮುಂದಿನ ಪ್ರಶ್ನೆ ಏನೆಂಬುದೂ ಗೊತ್ತಿತ್ತು: ಹಾಗಾದರೆ ಎಲ್ಲರ ನಂಬರೂ ಬಲ್ಲವನು ಮೇಷ್ಟ್ರೇ ಅಲ್ಲವೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಗಾದೆ ಮಕ್ಕಳಿಗೆ ಪ್ರತಿ ವರ್ಷ ಕಲಿಸಿದವನು ನಾನು. ನಿವೃತ್ತಿಗೆ ಎರಡು ವರ್ಷವಿತ್ತು. ಹೆದರಿದೆ. ಬೇರೆ ಕಾರಣ ಇರಲಿಲ್ಲ.

ಮುಂದಿನ ನಾಟಿಗೆ ಭೀಮಬಾಯಿಯನ್ನು ಯಾರೂ ಕರೆಯಲಿಲ್ಲ. ಅವಳು ಬಂದರೆ ಹೆಂಗಸರು ಸಂಚಿಯನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ಒಂದು ಮುಂಜಾನೆ ಅವಳು ಮನೆಗೆ ಕೀಲಿ ಹಾಕಿ ಶಿರವಾಳದ ಮಗಳ ಮನೆಗೆ ಹೋದಳು. ನಾನು ನಿವೃತ್ತನಾಗಿ ಸುರಪುರಕ್ಕೆ ಬಂದೆ. ಹಾರ ಹಾಕಿದರು, ಊರಿಗೆ ಬುದ್ಧಿ ಕಲಿಸಿದ ಗುರುಗಳು ಎಂದರು. ಅದನ್ನು ಕೇಳುತ್ತಾ ಕುಳಿತಿದ್ದೆ.

ಆ ಜಗಳವಾಗಿ ಎಂಟು ವರ್ಷ ಕಳೆದವು. ಹೋದ ತಿಂಗಳು ಆ ಮಷಿನ್ನಿನ ಮುಂದೆ ಬೆರಳು ತಾನಾಗಿ ಅಲ್ಲಿಗೆ ಹೋದ ಮೇಲೆ ನನಗೆ ಊಟ ರುಚಿಸಲಿಲ್ಲ. ಭಾನುವಾರ ಶಿರವಾಳಕ್ಕೆ ಹೋದೆ. ಭೀಮಬಾಯಿ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಗುರುತು ಹಿಡಿದಳು, ಮಣೆ ಕೊಟ್ಟಳು, ನೀರು ಕೊಟ್ಟಳು. ನಾನು ತಡವರಿಸುತ್ತಾ ಎಲ್ಲವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

‘ಅಕಿ ಅವತ್ತು ಒದರಿದಾಗ್ಲೇ ಗೊತ್ತಾತ್ರಿ ಸರ. ನಂದೂ ಅದೇ ನಂಬರ ಇತ್ತು’ ಎಂದಳು. ‘ನಾ ಹೇಳಿದ್ರ, ನೋಡು ನಿನಗ ಗೊತ್ತಿತ್ತು ಅಂತಿದ್ರು. ನೀವು ಹೇಳಿದ್ರ ಕೇಳ್ತಿದ್ರು. ಮೂರು ದಿನ ಸಾಲಿ ಮುಂದ ಹಾದು ಹೋದೆ. ನೀವು ಹೊರಗ ಬರಲಿಲ್ಲ.’

ನಾನು ಕ್ಷಮೆ ಎಂದೇನೋ ಅಂದೆ. ಅವಳು ಮೊರವನ್ನು ಕೆಳಗಿಟ್ಟಳು.

‘ನನಗ ಗೊತ್ತಿದ್ದದ್ದು ನನಗ್ಯಾಕ ಹೇಳ್ತೀರಿ? ಓಣ್ಯಾಗ ಹೋಗಿ ಹೇಳ್ರಿ.’

ಮರುದಿನವೇ ಹೋದೆ. ಓಣಿಯ ಕಟ್ಟೆಯ ಮೇಲೆ ನಾಗಮ್ಮನೂ ಇನ್ನು ಆರೇಳು ಹೆಂಗಸರೂ ಕುಳಿತಿದ್ದರು. ಮೇಷ್ಟರು ಬಂದರೆಂದು ಜಾಗ ಬಿಟ್ಟರು. ನಾನು ನಿಂತೇ ಹೇಳಿದೆ. ಇಪ್ಪತ್ತೂ ಜನರಿಗೆ ಒಂದೇ ನಂಬರು ಕೊಟ್ಟದ್ದು, ಅದನ್ನು ಮುಚ್ಚಿಟ್ಟದ್ದು, ಹೆದರಿದ್ದು. ಗದ್ದಲವಾಗುತ್ತದೆ, ಬೈಯುತ್ತಾರೆ ಎಂದುಕೊಂಡಿದ್ದೆ. ಯಾರೂ ಬೆರಗಾಗಲಿಲ್ಲ. ಒಬ್ಬಳು ಸೆರಗಿನ ಅಂಚು ಮಡಚುತ್ತಿದ್ದಳು, ಒಬ್ಬಳು ನೆಲ ನೋಡುತ್ತಿದ್ದಳು. ಅವರಿಗೆಲ್ಲ ಆ ಜಗಳದ ದಿನದಿಂದಲೇ ಗೊತ್ತಿತ್ತು. ನನ್ನ ಹಾಗೆಯೇ ಹೆದರಿ, ಒಬ್ಬೊಬ್ಬಳೂ ತನ್ನ ನಂಬರನ್ನು ಬಚ್ಚಿಟ್ಟುಕೊಂಡು ಎಂಟು ವರ್ಷ ಕುಳಿತಿದ್ದರು.

ಗೊತ್ತಿರದಿದ್ದವಳು ನಾಗಮ್ಮ ಒಬ್ಬಳೇ. ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದಳು. ದುಡ್ಡು ತೆಗೆದವರು ಯಾರೆಂದು ಕೇಳುತ್ತಾಳೆ ಎಂದು ನಾವೆಲ್ಲ ಕಾದೆವು. ಅದನ್ನು ಅವಳು ಕೇಳಲೇ ಇಲ್ಲ. ಎದ್ದು ಒಳಗೆ ಹೋಗಿ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಬಂದಳು.

‘ಶಿರವಾಳಕ್ಕ ಹೋಗಾಕ ಈಗ ಏನರೆ ಸಿಗ್ತದೇನ್ರಿ ಸರ?’

ಶಹಾಪುರದ ಬಸ್ಸು ಹಿಡಿದು ಅಲ್ಲಿ ಇಳಿಯಬೇಕು, ಮುಂದೆ ಟಂಟಂ ಸಿಗುತ್ತದೆ ಎಂದೆ. ಜೊತೆಗೆ ನಾನೂ ಬರಲೇ ಎಂದು ಕೇಳಿದೆ. ನಾಗಮ್ಮ ಬೇಡ ಎಂದು ಕೂಡ ಹೇಳದೆ ಹೊರಟುಹೋದಳು.